ಕಾಲೇಜು ಪದವಿಯಿಲ್ಲದೆ ಗಣಕೋದ್ಯೋಗ: ದಾರಿ ಮತ್ತು ಎಚ್ಚರಿಕೆ

ಮೇ-ಜೂನ್ ತಿಂಗಳು ಬಂತೆಂದರೆ ಪುಣೆಯ ಕನ್ನಡ ಮನೆಗಳಲ್ಲಿ ಒಂದು ಬಗೆಯ ಕಳವಳ ತಲೆದೋರುತ್ತದೆ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಫಲಿತಾಂಶ ಹೊರಬಿದ್ದಿರುತ್ತದೆ. ಮಕ್ಕಳ ಮುಂದಿನ ದಾರಿ ಯಾವುದೆಂಬ ಚಿಂತೆ ಹಿರಿಯರನ್ನು ಕಾಡತೊಡಗುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ತಂದೆಯೊಬ್ಬರು ಒಮ್ಮೆ ನನ್ನನ್ನು ಹೀಗೆ ಕೇಳಿದರು: "ರಾಯರೇ, ನಮ್ಮ ಹುಡುಗನನ್ನು ಇಂಜಿನಿಯರಿಂಗ್ ಓದಿಸುವ ಶಕ್ತಿ ನನಗಿಲ್ಲ. ಅವನಿಗೋ ಕಂಪ್ಯೂಟರ್ ಎಂದರೆ ಪ್ರಾಣ. ಹಿಂಜವಡಿಯ ಆ ಗಾಜಿನ ಕಟ್ಟಡಗಳಲ್ಲಿ ಅವನಿಗೂ ಒಂದು ಕೆಲಸ ಸಿಕ್ಕೀತೇ?"

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಉಡುಪಿ, ಮಂಗಳೂರು ಕಡೆಯಿಂದ ಹೋಟೆಲ್ ವ್ಯವಸಾಯಕ್ಕಾಗಿ ಬಂದವರು, ವಿಜಯಪುರ, ಕಲಬುರಗಿ ಕಡೆಯಿಂದ ಕೂಲಿಯನ್ನರಸಿ ಬಂದವರು, ಪಿಂಪರಿ-ಚಿಂಚವಡದ ಕಾರಖಾನೆಗಳಲ್ಲಿ ದುಡಿಯುತ್ತಿರುವವರು, ಇವರೆಲ್ಲರ ಮನೆಗಳಲ್ಲಿಯೂ ಇದು ಏಳುತ್ತಿದೆ. ಪದವಿಯಿಲ್ಲದೆ ಕೆಲಸವನ್ನು ಆರಂಭಿಸಬಹುದು, ವಿದ್ಯೆಯಿಲ್ಲದೆ ಆರಂಭಿಸಲಾಗದು. ಪದವಿಯನ್ನು ಮುಂದೂಡಬಹುದು, ಕೈಬಿಡಬಾರದು. ಈ ಎರಡು ಮಾತುಗಳನ್ನು ಉದಾಹರಣೆಗಳೊಂದಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಹಿನ್ನೆಲೆ

ಗಣಕೋದ್ಯಮಕ್ಕೂ ಪುಣೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಟಾಟಾ ಸಂಶೋಧನ, ಅಭಿವೃದ್ಧಿ ಮತ್ತು ವಿನ್ಯಾಸ ಕೇಂದ್ರವು 1981ರಲ್ಲಿ ಇಲ್ಲಿ ಸ್ಥಾಪಿತವಾಯಿತು. 1988ರಲ್ಲಿ ಭಾರತ ಸರಕಾರವು ಸಿ-ಡ್ಯಾಕ್ ಸಂಸ್ಥೆಯನ್ನು ಇಲ್ಲಿಯೇ ಆರಂಭಿಸಿತು. ಡಾ. ವಿಜಯ ಭಟಕರ ಅವರ ನೇತೃತ್ವದಲ್ಲಿ 'ಪರಮ್ 8000' ಎಂಬ ಮಹಾಗಣಕ 1991ರಲ್ಲಿ ಸಿದ್ಧವಾಯಿತು. ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಗಣಕದ ಪರದೆಯ ಮೇಲೆ ಮೂಡಿಸಿದ 'ಜಿಸ್ಟ್' ತಂತ್ರಜ್ಞಾನವು ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ, ಇದೇ ಸಿ-ಡ್ಯಾಕ್‌ನ ಆಶ್ರಯದಲ್ಲಿ ಬೆಳೆಯಿತೆಂಬುದನ್ನು ನಾವು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು.

ಆರಂಭದ ದಿನಗಳಲ್ಲಿ ಈ ಉದ್ಯೋಗಕ್ಕೆಂದೇ ಮೀಸಲಾದ ಪದವಿಗಳು ನಮ್ಮಲ್ಲಿ ಬಹಳ ವಿರಳವಾಗಿದ್ದವು. ಪಂಚ್ ಕಾರ್ಡುಗಳಿಗೆ ಅಂಕಿ-ಅಂಶಗಳನ್ನು ತುಂಬುತ್ತಿದ್ದವರು, ಯಂತ್ರಗಳನ್ನು ನಡೆಸುತ್ತಿದ್ದವರು ಕೆಲಸ ಮಾಡುತ್ತಲೇ ಕಲಿತರು. 1981ರಲ್ಲಿ ಎನ್.ಐ.ಐ.ಟಿ., 1986ರಲ್ಲಿ ಆಪ್ಟೆಕ್ ಮೊದಲಾದ ಖಾಸಗಿ ತರಬೇತಿ ಸಂಸ್ಥೆಗಳು ಹುಟ್ಟಿಕೊಂಡದ್ದು ಈ ಕೊರತೆಯನ್ನು ತುಂಬಲೆಂದೇ. 2000ನೆಯ ಇಸವಿಯ ಹೊತ್ತಿಗೆ ಹಳೆಯ ಗಣಕಗಳ ದಿನಾಂಕದ ತೊಡಕನ್ನು ಬಿಡಿಸುವ ಕೆಲಸ ಭಾರತಕ್ಕೆ ಹರಿದುಬಂದಾಗ ಇಂಥ ತರಬೇತಿ ಪಡೆದವರಿಗೂ ಅವಕಾಶ ದೊರೆಯಿತು.

ಅನಂತರ ಪರಿಸ್ಥಿತಿ ಬದಲಾಯಿತು. ದೊಡ್ಡ ಸಂಸ್ಥೆಗಳು ಒಮ್ಮೆಗೇ ಸಾವಿರಾರು ಜನರನ್ನು ಇಂಜಿನಿಯರಿಂಗ್ ಕಾಲೇಜುಗಳಿಂದ ಆರಿಸಿಕೊಳ್ಳತೊಡಗಿದವು. ಲಕ್ಷಗಟ್ಟಲೆ ಅರ್ಜಿಗಳನ್ನು ಸೋಸುವುದಕ್ಕೆ ಪದವಿಯು ಒಂದು ಜರಡಿಯಾಯಿತು. ಪದವಿಯಿಲ್ಲದವನು ಆ ಜರಡಿಯ ಮುಂದೆ ಹೋಗಿ ನಿಂತರೆ ಅವನ ಜಾಣ್ಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅರ್ಜಿಯನ್ನು ಯಂತ್ರವೇ ಬದಿಗೆ ಸರಿಸುತ್ತದೆ. ಆದಕಾರಣ ಅವನು ಬೇರೆ ಬಾಗಿಲನ್ನು ಹುಡುಕಬೇಕು. ಅಂಥ ಬಾಗಿಲುಗಳಿವೆ.

ಬಿಲ್ ಗೇಟ್ಸ್ ಅವರು 1975ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಓದನ್ನು ನಿಲ್ಲಿಸಿ ಕೋಟ್ಯಧೀಶರಾದರೆಂಬ ಕಥೆಯನ್ನು ಹುಡುಗರು ಆಗಾಗ ಹೇಳುವುದುಂಟು. ಅವರಿಗೆ 1968ರ ಸುಮಾರಿಗೇ ಶಾಲೆಯಲ್ಲಿ ಗಣಕವನ್ನು ಬಳಸುವ ಅವಕಾಶ ದೊರೆತಿತ್ತು. ಕಾಲೇಜು ಬಿಡುವ ವೇಳೆಗಾಗಲೇ ಅವರು ಏಳು ವರ್ಷ ಪಳಗಿದ್ದರು. ಅನುಕರಿಸಬೇಕಾದದ್ದು ಆ ಏಳು ವರ್ಷಗಳ ಅಭ್ಯಾಸವನ್ನು.

ಯಾವ ಕೆಲಸಗಳು?

ಗಣಕೋದ್ಯೋಗವೆಂದರೆ ಪ್ರೋಗ್ರಾಂ ಬರೆಯುವುದು ಮಾತ್ರವೆಂದು ಅನೇಕರು ಭಾವಿಸಿದ್ದಾರೆ. ಒಂದು ಆಸ್ಪತ್ರೆ ನಡೆಯಲು ಶಸ್ತ್ರವೈದ್ಯರ ಜೊತೆಗೆ ದಾದಿಯರು, ಪ್ರಯೋಗಾಲಯದ ತಂತ್ರಜ್ಞರು, ಔಷಧಿ ವಿತರಕರು ಬೇಕಾಗುವಂತೆ ಇಲ್ಲಿಯೂ ಬಗೆಬಗೆಯ ಕೆಲಸಗಳಿವೆ.

ಮೊದಲನೆಯದು ಗಣಕ ಮತ್ತು ಲ್ಯಾಪ್‌ಟಾಪ್‌ಗಳ ದುರಸ್ತಿ, ಕಚೇರಿಗಳಲ್ಲಿ ಜಾಲವನ್ನು ಜೋಡಿಸುವ ಕೆಲಸ. ಎರಡನೆಯದು ನೌಕರರ ತೊಂದರೆಗಳನ್ನು ಪರಿಹರಿಸುವ ಹೆಲ್ಪ್ ಡೆಸ್ಕ್. ಮೂರನೆಯದು ಇತರರು ಬರೆದ ತಂತ್ರಾಂಶದ ದೋಷಗಳನ್ನು ಹುಡುಕುವ ಟೆಸ್ಟಿಂಗ್. ನಾಲ್ಕನೆಯದು ಸಣ್ಣ ವ್ಯಾಪಾರಸ್ಥರಿಗೆ ಜಾಲತಾಣಗಳನ್ನು ಕಟ್ಟಿಕೊಡುವುದು. ಐದನೆಯದು ಲೆಕ್ಕಪತ್ರ ಮತ್ತು ದತ್ತಾಂಶಗಳನ್ನು ಎಕ್ಸೆಲ್, ಎಸ್.ಕ್ಯು.ಎಲ್. ಮುಂತಾದ ಸಾಧನಗಳಿಂದ ಅಣಿಗೊಳಿಸುವುದು. ಆರನೆಯದು ಲಿನಕ್ಸ್ ಸರ್ವರುಗಳ ನಿರ್ವಹಣೆ. ಈ ಕೆಲಸಗಳಲ್ಲಿ, ವಿಶೇಷವಾಗಿ ಚಿಕ್ಕ ಸಂಸ್ಥೆಗಳಲ್ಲಿ, "ನಿನಗೆ ಏನು ಬರುತ್ತದೆ?" ಎಂಬ ಪ್ರಶ್ನೆ "ಏನು ಓದಿದ್ದೀ?" ಎಂಬುದಕ್ಕಿಂತ ಮೊದಲು ಬರುತ್ತದೆ. ಬುಧವಾರ ಪೇಠೆಯ ತಾಪಕೀರ ಗಲ್ಲಿಯ ಸುತ್ತಮುತ್ತಲಿನ ವಿದ್ಯುನ್ಮಾನ ಅಂಗಡಿಗಳಲ್ಲಿ ಬೆಸುಗೆ ಹಿಡಿದು ಕೈ ಪಳಗಿಸಿಕೊಳ್ಳುವುದೂ ಒಂದು ಆರಂಭವೇ ಸರಿ.

ತಿಳಿದಿರಬೇಕಾದದ್ದೇನು?

ಇದನ್ನು ಒಂದು ಉದಾಹರಣೆಯಿಂದ ತಿಳಿಯುವುದು ಸುಲಭ. ಕಚೇರಿಯೊಂದರಲ್ಲಿ ನೌಕರರೊಬ್ಬರು "ಬ್ಯಾಂಕಿನ ಜಾಲತಾಣ ತೆರೆಯುತ್ತಿಲ್ಲ" ಎಂದು ದೂರುತ್ತಾರೆನ್ನೋಣ. ಅರೆಬರೆ ತಿಳಿದವನು ಕೂಡಲೇ ಗಣಕವನ್ನು ಆರಿಸಿ ಮತ್ತೆ ಹಚ್ಚುತ್ತಾನೆ, ಅದೃಷ್ಟವಿದ್ದರೆ ಸರಿಹೋಗುತ್ತದೆ. ನಿಜವಾಗಿ ಬಲ್ಲವನು ಒಳ್ಳೆಯ ವೈದ್ಯನಂತೆ ಕ್ರಮವಾಗಿ ಪರೀಕ್ಷಿಸುತ್ತಾನೆ.

ತಂತಿ ಅಥವಾ ವೈ-ಫೈ ಸಂಪರ್ಕವಿದೆಯೇ ಎಂಬುದು ಮೊದಲ ಪ್ರಶ್ನೆ. ಗಣಕಕ್ಕೆ ಐ.ಪಿ. ವಿಳಾಸವೆಂಬ ಸಂಖ್ಯೆ ದೊರೆತಿದೆಯೇ ಎಂಬುದು ಎರಡನೆಯದು. ಆ ವಿಳಾಸವು 169.254 ಎಂದು ಆರಂಭವಾಗಿದ್ದರೆ, ವಿಳಾಸಗಳನ್ನು ಹಂಚುವ ಡಿ.ಎಚ್.ಸಿ.ಪಿ. ವ್ಯವಸ್ಥೆಯಿಂದ ಅದಕ್ಕೆ ಉತ್ತರ ಬಂದಿಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. 'ಪಿಂಗ್' ಎಂಬ ಆಜ್ಞೆ ಕೊಟ್ಟಾಗ ಕಚೇರಿಯ ರೌಟರ್ ಓಗೊಡುತ್ತದೆಯೇ ಎಂಬುದು ಮೂರನೆಯದು. ಹೊರಗಿನ ಸಂಖ್ಯಾವಿಳಾಸಗಳು ಓಗೊಟ್ಟು, ಹೆಸರು ಬರೆದಾಗ ಮಾತ್ರ ಯಾವ ತಾಣವೂ ತೆರೆಯದಿದ್ದರೆ ದೋಷವು ಡಿ.ಎನ್.ಎಸ್.ನಲ್ಲಿ ಇರಬೇಕು. ಅದು ಹೆಸರು ಕೊಟ್ಟರೆ ಸಂಖ್ಯೆಯನ್ನು ಹೇಳುವ, ಹಳೆಯ ಟೆಲಿಫೋನ್ ಪುಸ್ತಕದಂಥ ವ್ಯವಸ್ಥೆ. ಉಳಿದ ತಾಣಗಳೆಲ್ಲ ತೆರೆದು ಇದೊಂದೇ ತೆರೆಯದಿದ್ದರೆ ಆ ತಾಣವನ್ನು, ಬ್ರೌಸರನ್ನು ಅಥವಾ ಕಚೇರಿಯ ಫೈರ್‌ವಾಲನ್ನು ಶಂಕಿಸಬೇಕು. ಗಣಕದ ದಿನಾಂಕ ತಪ್ಪಾಗಿದ್ದರೂ ಬ್ಯಾಂಕಿನಂಥ ಸುರಕ್ಷಿತ ತಾಣಗಳು ತೆರೆಯಲು ನಿರಾಕರಿಸುತ್ತವೆ.

ಈ ಐದಾರು ಮೆಟ್ಟಿಲುಗಳನ್ನು ಕಾರಣಸಹಿತವಾಗಿ ವಿವರಿಸಬಲ್ಲ ಹುಡುಗಿಗೋ ಹುಡುಗನಿಗೋ ಹೆಲ್ಪ್ ಡೆಸ್ಕಿನ ಸಂದರ್ಶನದಲ್ಲಿ ಅಂಜಿಕೆಯಿರುವುದಿಲ್ಲ. ಇದನ್ನು ಕಲಿಯಲು ನಾಲ್ಕು ವರ್ಷಗಳ ಕಾಲೇಜು ಬೇಕಿಲ್ಲ. ಆದರೆ ಒಂದು ಹಳೆಯ ಗಣಕ, ಕ್ರಮಬದ್ಧವಾದ ಪಾಠ ಮತ್ತು ಕೆಲವು ತಿಂಗಳ ನಿತ್ಯಾಭ್ಯಾಸ ಅಗತ್ಯ. ಕೃತಕ ಬುದ್ಧಿಮತ್ತೆಯ ಸಾಧನಗಳು 2022ರ ಕೊನೆಯಿಂದೀಚೆಗೆ ಜನಸಾಮಾನ್ಯರ ಕೈಗೆ ಬಂದ ಮೇಲಂತೂ ಈ ತಿಳಿವಳಿಕೆಗೆ ಬೆಲೆ ಹೆಚ್ಚಿದೆ. ನಕಲು ಮಾಡಿ ಅಂಟಿಸುವ ಕೆಲಸವನ್ನು ಯಂತ್ರವೇ ಮಾಡಿಬಿಡುತ್ತದೆ. ಯಂತ್ರ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ತೂಗಿ ನೋಡಬಲ್ಲವನೇ ಉಳಿದುಕೊಳ್ಳುತ್ತಾನೆ.

ಹತ್ತನೆಯ ತರಗತಿಯ ನಂತರ

ಹತ್ತನೆಯ ತರಗತಿ ಮುಗಿಸಿದವರಿಗೆ ಎರಡು ಸರಕಾರಿ ದಾರಿಗಳು ಮುಖ್ಯ. ಒಂದನೆಯದು ಐ.ಟಿ.ಐ.ಗಳಲ್ಲಿರುವ 'ಕೋಪಾ' ಎಂಬ ಒಂದು ವರ್ಷದ ತರಬೇತಿ. ಗಣಕ ನಡೆಸುವುದು ಮತ್ತು ಪ್ರೋಗ್ರಾಮಿಂಗಿನ ಪ್ರಾಥಮಿಕ ಪಾಠಗಳು ಇದರಲ್ಲಿ ಸೇರಿವೆ. ಇದನ್ನು ಮುಗಿಸಿದವರು 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಭತ್ಯೆ ಪಡೆಯುತ್ತ ಸಂಸ್ಥೆಗಳಲ್ಲಿ ಅನುಭವ ಗಳಿಸಲೂ ಅವಕಾಶವಿದೆ.

ಎರಡನೆಯದು ಪಾಲಿಟೆಕ್ನಿಕ್. ಇದು ಮೂರು ವರ್ಷಗಳ ಡಿಪ್ಲೊಮಾ. ಗಣೇಶಖಿಂಡ ರಸ್ತೆಯ ಸರಕಾರಿ ಪಾಲಿಟೆಕ್ನಿಕ್ ನಮ್ಮ ಊರಿನಲ್ಲಿಯೇ ಇದೆ. ಡಿಪ್ಲೊಮಾ ಮುಗಿಸಿದವನು ಮನಸ್ಸು ಮಾಡಿದರೆ ಮುಂದೆ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೇ ನೇರವಾಗಿ ಸೇರಬಹುದು. ಹತ್ತನೆಯ ತರಗತಿಯಲ್ಲಿ ಸಾಧಾರಣವಾಗಿ ಒಳ್ಳೆಯ ಅಂಕ ಪಡೆದ ಬಡ ವಿದ್ಯಾರ್ಥಿಗೆ ಇದಕ್ಕಿಂತ ಮಿಗಿಲಾದ ದಾರಿ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಕರ್ನಾಟಕದಲ್ಲಿ ಶಾಲೆ ಓದಿ ಇಲ್ಲಿಗೆ ಬಂದವರು ಪ್ರವೇಶಕ್ಕೆ ಬೇಕಾದ ವಾಸ್ತವ್ಯದ ಪ್ರಮಾಣಪತ್ರದ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕೊನೆಯ ದಿನ ತಹಶೀಲ ಕಚೇರಿಗೆ ಓಡಿದರೆ ಪ್ರಯೋಜನವಿಲ್ಲ.

ಹನ್ನೆರಡನೆಯ ತರಗತಿಯ ನಂತರ

ಕೇಂದ್ರ ಸರಕಾರದ ನೀಲಿಟ್ ಸಂಸ್ಥೆಯು ನಡೆಸುವ 'ಓ ಲೆವೆಲ್' ಪರೀಕ್ಷೆ ಹಿಂದೆ 'ಡೋಯೆಕ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಹನ್ನೆರಡನೆಯ ತರಗತಿ ಮುಗಿಸಿದವರು ಇದಕ್ಕೆ ಕುಳಿತುಕೊಳ್ಳಬಹುದು. ಮನೆಯಲ್ಲಿಯೇ ಓದಿಕೊಂಡು ಬರೆಯುವುದಕ್ಕೂ ಅವಕಾಶವುಂಟು.

ಕೆಲವು ಖಾಸಗಿ ಸಂಸ್ಥೆಗಳು ಶಾಲೆ ಮುಗಿಸಿದವರನ್ನೇ ಆರಿಸಿ ತರಬೇತಿ ಕೊಡುವ ಪದ್ಧತಿಯನ್ನು ಆರಂಭಿಸಿವೆ. ಚೆನ್ನೈನ ಜೋಹೋ ಸಂಸ್ಥೆಯು 2004ರ ಸುಮಾರಿಗೆ ಬೆರಳೆಣಿಕೆಯ ಹುಡುಗರೊಂದಿಗೆ ಇಂಥ ಶಾಲೆಯೊಂದನ್ನು ತೆರೆಯಿತು. ಅಲ್ಲಿ ಶುಲ್ಕವಿಲ್ಲ, ಕಲಿಯುವವರಿಗೇ ಭತ್ಯೆ ಕೊಡುತ್ತಾರೆ. ಎಚ್.ಸಿ.ಎಲ್. ಸಂಸ್ಥೆಯು 2017ರಿಂದ 'ಟೆಕ್‌ಬೀ' ಎಂಬ ಯೋಜನೆಯ ಮೂಲಕ ಹನ್ನೆರಡನೆಯ ತರಗತಿ ಮುಗಿಸಿದವರನ್ನು ಸುಮಾರು ಒಂದು ವರ್ಷ ತರಬೇತಿಗೊಳಿಸಿ ಕೆಲಸಕ್ಕೆ ತೆಗೆದುಕೊಂಡು, ದುಡಿಯುತ್ತಲೇ ಪದವಿ ಓದಲು ನೆರವಾಗುವ ವ್ಯವಸ್ಥೆ ಮಾಡಿತು. ಇದಕ್ಕೆ ತರಬೇತಿ ಶುಲ್ಕವಿದೆ. 2016ರಲ್ಲಿ ಆರಂಭವಾದ ನವಗುರುಕುಲವೆಂಬ ಸೇವಾಸಂಸ್ಥೆಯು ಬಡ ಕುಟುಂಬಗಳ ಹೆಣ್ಣುಮಕ್ಕಳಿಗೆ ವಸತಿಸಹಿತ ತಂತ್ರಾಂಶ ಶಿಕ್ಷಣವನ್ನು ಉಚಿತವಾಗಿ ನೀಡುತ್ತ ಬಂದಿದೆ. ಇಂಥ ಯೋಜನೆಗಳ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ಸಂಸ್ಥೆಯನ್ನೇ ನೇರವಾಗಿ ವಿಚಾರಿಸಬೇಕು, ಮಧ್ಯವರ್ತಿಗಳನ್ನು ನಂಬಬಾರದು.

ಕೆಲವು ವೃತ್ತಿಪರೀಕ್ಷೆಗಳಿಗೆ ಪದವಿಯ ಕಟ್ಟುಪಾಡೇ ಇಲ್ಲ. ಜಾಲವಿದ್ಯೆಗೆ ಸಿಸ್ಕೋ ಸಂಸ್ಥೆಯ ಸಿ.ಸಿ.ಎನ್.ಎ., ತಂತ್ರಾಂಶ ಪರೀಕ್ಷಣೆಗೆ ಐ.ಎಸ್.ಟಿ.ಕ್ಯು.ಬಿ.ಯ ಮೊದಲ ಹಂತ, ಲಿನಕ್ಸ್‌ಗೆ ರೆಡ್ ಹ್ಯಾಟ್‌ನ ಆರ್.ಎಚ್.ಸಿ.ಎಸ್.ಎ. ಇವು ಹೆಸರಾದವು. ಕೊನೆಯದರಲ್ಲಿ ಬಾಯಿಪಾಠದ ಪ್ರಶ್ನೆಗಳಿಲ್ಲ. ಗಣಕದ ಮುಂದೆ ಕುಳಿತು ಕೊಟ್ಟ ಕೆಲಸವನ್ನು ಮಾಡಿ ಮುಗಿಸಬೇಕು. ಶುಲ್ಕ ದುಬಾರಿಯಾದ್ದರಿಂದ ಚೆನ್ನಾಗಿ ಸಿದ್ಧರಾದ ಮೇಲೆಯೇ ಇವುಗಳಿಗೆ ಕುಳಿತುಕೊಳ್ಳುವುದು ಮೇಲು.

ಕನ್ನಡ ಮಾಧ್ಯಮದವರಿಗೆ ಒಂದು ಮಾತು

ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷಿನ ಭಯವೇ ದೊಡ್ಡ ತಡೆ. ಮುಂಬಯಿಯ ಐ.ಐ.ಟಿ.ಯು ಆರಂಭಿಸಿದ 'ಸ್ಪೋಕನ್ ಟ್ಯುಟೋರಿಯಲ್' ಎಂಬ ಯೋಜನೆಯಲ್ಲಿ ಸುಮಾರು ಹತ್ತು ಹತ್ತು ನಿಮಿಷಗಳ ದೃಶ್ಯಪಾಠಗಳಿವೆ. ಲಿನಕ್ಸ್, ಸಿ, ಲಿಬ್ರೆ ಆಫೀಸ್ ಮೊದಲಾದ ವಿಷಯಗಳ ಅನೇಕ ಪಾಠಗಳು ಕನ್ನಡದಲ್ಲಿಯೂ ಉಚಿತವಾಗಿ ದೊರೆಯುತ್ತವೆ. ವಿಷಯವನ್ನು ಮೊದಲು ತಾಯ್ನುಡಿಯಲ್ಲಿ ಅರ್ಥಮಾಡಿಕೊಂಡು, ಅನಂತರ ಅದನ್ನೇ ಇಂಗ್ಲಿಷಿನಲ್ಲಿ ಓದಿದರೆ ಭಯ ತಾನಾಗಿಯೇ ಕರಗುತ್ತದೆ.

ಇಂಗ್ಲಿಷ್ ಬೇಡವೆಂದು ಮಾತ್ರ ಯಾರೂ ತಿಳಿಯಬಾರದು. ಈ ವಿದ್ಯೆಯ ಕೈಪಿಡಿಗಳೆಲ್ಲ ಆ ಭಾಷೆಯಲ್ಲಿವೆ. ದಿನಕ್ಕೆ ಎರಡು ಪುಟ ಕೈಪಿಡಿ ಓದಿ, ಅರ್ಥವಾದದ್ದನ್ನು ನಾಲ್ಕು ಸಾಲುಗಳಲ್ಲಿ ಬರೆದಿಡುವ ಅಭ್ಯಾಸವು ಒಂದು ವರ್ಷದಲ್ಲಿ ಅಚ್ಚರಿಯ ಫಲ ಕೊಡುತ್ತದೆ. ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಹಳೆಯ ಪಠ್ಯಪುಸ್ತಕಗಳು ಅಗ್ಗವಾಗಿ ಸಿಗುತ್ತವೆ. ಕನ್ನಡ, ಮರಾಠಿ, ಹಿಂದಿಗಳನ್ನು ಬಲ್ಲ ಪುಣೆಯ ಹುಡುಗನಿಗೆ ಗ್ರಾಹಕರೊಡನೆ ಮಾತನಾಡಬೇಕಾದ ಕೆಲಸಗಳಲ್ಲಿ ಅವೇ ಬಂಡವಾಳ.

ಮಾಡಿ ತೋರಿಸಬೇಕು

ಪದವೀಧರನು ಸಂದರ್ಶನಕ್ಕೆ ಪ್ರಮಾಣಪತ್ರವನ್ನು ಒಯ್ಯುತ್ತಾನೆ. ಪದವಿಯಿಲ್ಲದವನು ತನ್ನ ಕೆಲಸವನ್ನೇ ಒಯ್ಯಬೇಕು. ಸೋದರಮಾವನ ಹೋಟೆಲಿಗೆ ಬಿಲ್ಲಿನ ಲೆಕ್ಕ ಇಡುವ ಸಣ್ಣ ತಂತ್ರಾಂಶ, ನೆರೆಯ ಕಿರಾಣಿ ಅಂಗಡಿಗೆ ದಾಸ್ತಾನಿನ ಪಟ್ಟಿ, ಸಂಘಕ್ಕೆ ಸದಸ್ಯರ ಯಾದಿ, ಇಂಥ ಮೂರು ಕೆಲಸಗಳನ್ನು ಪೂರ್ತಿಯಾಗಿ ಮಾಡಿ ಮುಗಿಸಿದವನ ಮಾತಿಗೆ ತೂಕವಿರುತ್ತದೆ. ಎಲ್ಲಿ ತಪ್ಪಿದೆ, ಹೇಗೆ ತಿದ್ದಿಕೊಂಡೆ ಎಂಬುದನ್ನೂ ಬರೆದಿಟ್ಟಿರಬೇಕು. ಬರೆದ ಪ್ರೋಗ್ರಾಮುಗಳನ್ನು 'ಗಿಟ್‌ಹಬ್'ನಂಥ ಸಾರ್ವಜನಿಕ ತಾಣದಲ್ಲಿ ಇರಿಸಿದರೆ ಉದ್ಯೋಗದಾತರೇ ಅವನ್ನು ಪರಿಶೀಲಿಸಬಹುದು.

ಒಂದು ವರ್ಷವನ್ನು ಹೀಗೆ ಹಂಚಿಕೊಳ್ಳಬಹುದು: ಮೊದಲ ಮೂರು ತಿಂಗಳು ಗಣಕದ ಭಾಗಗಳು, ಲಿನಕ್ಸ್ ಮತ್ತು ಇಂಗ್ಲಿಷ್, ಮುಂದಿನ ಮೂರು ತಿಂಗಳು ಜಾಲವಿದ್ಯೆ ಮತ್ತು ಒಂದು ಪ್ರೋಗ್ರಾಮಿಂಗ್ ಭಾಷೆ, ಅನಂತರದ ಮೂರು ತಿಂಗಳು ತಾನು ಆರಿಸಿಕೊಂಡ ಒಂದೇ ಒಂದು ಶಾಖೆ, ಕೊನೆಯ ಮೂರು ತಿಂಗಳು ಮೇಲೆ ಹೇಳಿದಂಥ ಕೆಲಸಗಳು ಮತ್ತು ಅರ್ಜಿಗಳು. ದಿನಕ್ಕೆ ಎರಡು ಗಂಟೆಯಾದರೂ ಸರಿ, ತಪ್ಪದೆ ನಡೆಯಬೇಕು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಇಲ್ಲಿ ತಾಯಿತಂದೆಗಳು ವಿಶೇಷವಾಗಿ ಗಮನವಿಡಬೇಕು. ಆಸೆಯಿರುವಲ್ಲಿ ಮೋಸಗಾರರೂ ಇರುತ್ತಾರೆ. "ನೂರಕ್ಕೆ ನೂರು ಉದ್ಯೋಗದ ಭರವಸೆ" ಎಂದು ಹೇಳಿ ದುಬಾರಿ ಶುಲ್ಕ ಕೇಳುವ ತರಬೇತಿ ಕೇಂದ್ರಗಳನ್ನು ಶಂಕೆಯಿಂದಲೇ ನೋಡಬೇಕು. ಕೆಲವೆಡೆ ಶುಲ್ಕವನ್ನು 'ಸುಲಭ ಕಂತು' ಎಂದು ಹೇಳಿ, ಹುಡುಗನಿಂದಲೋ ತಂದೆಯಿಂದಲೋ ಸಾಲದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಸಾಲ ಹಣಕಾಸು ಸಂಸ್ಥೆಯದು. ಕೆಲಸ ಸಿಗದಿದ್ದರೂ, ತರಬೇತಿ ಕೇಂದ್ರವೇ ಮುಚ್ಚಿಹೋದರೂ ಕಂತಿನ ಬೇಡಿಕೆ ನಿಲ್ಲುವುದಿಲ್ಲ. ಓದದೆ ಸಹಿ ಹಾಕಬಾರದು; ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಕೆಲಸ ಕೊಡುತ್ತೇವೆಂದು ಠೇವಣಿ ಕೇಳುವವರು, ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳುವವರು ನಂಬಲರ್ಹರಲ್ಲ.

ಎಲ್ಲಕ್ಕಿಂತ ಅಪಾಯಕರವಾದದ್ದು ಸುಳ್ಳು ಅನುಭವಪತ್ರ. ಹಣ ಕೊಟ್ಟರೆ ಮೂರು ವರ್ಷಗಳ ಅನುಭವವನ್ನು ಕಾಗದದ ಮೇಲೆ ಸೃಷ್ಟಿಸಿಕೊಡುವವರಿದ್ದಾರೆ. ಆದರೆ ಭವಿಷ್ಯನಿಧಿಗೆ 2014ರಿಂದ ಪ್ರತಿ ನೌಕರನಿಗೂ ಒಂದೇ ಶಾಶ್ವತ ಸಂಖ್ಯೆ ಇರುವುದರಿಂದ, ಅವನು ಎಲ್ಲಿ, ಯಾವ ತಿಂಗಳಿಂದ ದುಡಿದನೆಂಬುದನ್ನು ಹೊಸ ಸಂಸ್ಥೆಯವರು ತಾಳೆ ನೋಡಬಲ್ಲರು. ಸುಳ್ಳು ಬಯಲಾದರೆ ಕೆಲಸ ಹೋಗುವುದಲ್ಲದೆ ಮಾನವೂ ಹೋಗುತ್ತದೆ. ಪದವಿಯಿಲ್ಲದಿರುವುದು ಅಪರಾಧವಲ್ಲ, ಇದೆಯೆಂದು ಸುಳ್ಳು ಹೇಳುವುದು ಅಪರಾಧ.

ಪದವಿಯನ್ನು ಮರೆಯದಿರಿ

ಪದವಿ ಇಲ್ಲದಿರುವುದರಿಂದ ಕೆಲವು ಬಾಗಿಲುಗಳು ಮುಚ್ಚಿಯೇ ಇರುತ್ತವೆ. ಸರಕಾರ ಮತ್ತು ಬ್ಯಾಂಕುಗಳ ಅಧಿಕಾರಿ ಹುದ್ದೆಗಳಿಗೆ ಪದವಿ ಬೇಕು. ಅಮೆರಿಕದ ಎಚ್-1ಬಿ ವೀಸಾಕ್ಕೆ ಪದವಿ ಅಥವಾ ಅದಕ್ಕೆ ಸಮಾನವಾದ ಅರ್ಹತೆ ಬೇಕು. ದೊಡ್ಡ ಸಂಸ್ಥೆಗಳಲ್ಲಿ ಬಡ್ತಿಯ ಸಮಯಕ್ಕೂ ಈ ಪ್ರಶ್ನೆ ಬರುವುದುಂಟು. ಆದ್ದರಿಂದ ಕೆಲಸ ಸಿಕ್ಕಿದ ವರ್ಷವೇ ದೂರಶಿಕ್ಷಣಕ್ಕೆ ಹೆಸರು ನೋಂದಾಯಿಸುವುದು ಜಾಣತನ. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಬಿ.ಸಿ.ಎ., 1989ರಲ್ಲಿ ಸ್ಥಾಪಿತವಾದ ನಾಸಿಕದ ಯಶವಂತರಾವ ಚವ್ಹಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯದ ತರಗತಿಗಳು ದುಡಿಯುವವರಿಗಾಗಿಯೇ ಇವೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಬಾಳನ್ನು ಕಟ್ಟಿಕೊಂಡ ನಮ್ಮ ಹಿಂದಿನ ತಲೆಮಾರಿಗೆ ಈ ದಾರಿ ಹೊಸದೇನೂ ಅಲ್ಲ.

ದೇಹಾರೋಗ್ಯ

ಹೆಲ್ಪ್ ಡೆಸ್ಕಿನಂಥ ಕೆಲಸಗಳಲ್ಲಿ ರಾತ್ರಿ ಪಾಳಿ ಸಾಮಾನ್ಯ. ಪಾಳಿ ಯಾವುದೇ ಇರಲಿ, ಏಳೆಂಟು ಗಂಟೆಗಳ ನಿದ್ರೆಯನ್ನು ಕಡಿಮೆ ಮಾಡಬಾರದು. ಹಗಲು ಮಲಗುವವರಿಗೆ ಕತ್ತಲೆಯ ಕೋಣೆಯೂ ಮನೆಯವರ ಸಹಕಾರವೂ ಬೇಕು. ಪ್ರತಿ 20 ನಿಮಿಷಗಳಿಗೊಮ್ಮೆ ಸುಮಾರು 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದರಿಂದ ಕಣ್ಣಿನ ದಣಿವು ಕಡಿಮೆಯಾಗುತ್ತದೆ. ಪರದೆ ಕಣ್ಣಿನ ಮಟ್ಟಕ್ಕೆ, ಪಾದಗಳು ನೆಲದ ಮೇಲೆ, ಬೆನ್ನಿಗೆ ಆಸರೆ ಇರಬೇಕು. ಗಂಟೆಗೊಮ್ಮೆ ಎದ್ದು ನಡೆಯಬೇಕು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ಮಹಿಳೆಯರನ್ನು ರಾತ್ರಿ ಪಾಳಿಗೆ ನೇಮಿಸಲು ಅವರ ಒಪ್ಪಿಗೆಯನ್ನೂ, ರಕ್ಷಣೆ ಮತ್ತು ಮನೆಗೆ ತಲಪಿಸುವ ವಾಹನದ ಏರ್ಪಾಡನ್ನೂ ಅಪೇಕ್ಷಿಸುತ್ತದೆ. ಹೆಣ್ಣುಮಕ್ಕಳು ಇದನ್ನು ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಬೇಕು.

ಕೊನೆಯ ಮಾತು

ಆ ತಂದೆಗೆ ನಾನು ಹೇಳಿದ್ದಿಷ್ಟು: "ಗಾಜಿನ ಕಟ್ಟಡವನ್ನು ಈಗಲೇ ನೋಡಬೇಡಿ. ಹುಡುಗನಿಗೆ ಒಂದು ಹಳೆಯ ಕಂಪ್ಯೂಟರ್ ಕೊಡಿಸಿ, ಒಂದು ವರ್ಷದ ಕಾಲಾವಕಾಶ ಕೊಡಿ. ದಿನಾಲೂ ಎರಡು ಗಂಟೆ ಕೂರುತ್ತಾನೆಯೇ ಎಂಬುದನ್ನು ಮಾತ್ರ ನೋಡಿ. ಕೂತರೆ ದಾರಿ ತೆರೆದುಕೊಳ್ಳುತ್ತದೆ. ಕೂರದಿದ್ದರೆ ಲಕ್ಷ ರೂಪಾಯಿಯ ತರಬೇತಿಯಿಂದಲೂ ಆಗುವುದಿಲ್ಲ."

ಈ ಕ್ಷೇತ್ರದಲ್ಲಿ ನೆಲೆಯೂರಿರುವ ನಮ್ಮ ಸಂಘದ ಸದಸ್ಯರಲ್ಲಿಯೂ ಒಂದು ವಿನಂತಿ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡು ಇಂಥ ಮಕ್ಕಳ ಸಂದೇಹಗಳನ್ನು ಪರಿಹರಿಸಿದರೆ, ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪನ್ನು ಒಬ್ಬ ಬಡ ವಿದ್ಯಾರ್ಥಿಗೆ ದಾಟಿಸಿದರೆ, ಒಂದು ಮನೆಯ ದೀಪ ಹೊತ್ತೀತು. ಕೈ ಕೆಸರಾದರೆ ಬಾಯಿ ಮೊಸರೆಂಬುದು ಹಿರಿಯರ ಮಾತು. ಗಣಕದ ಕೀಲಿಮಣೆಯ ಮುಂದೆಯೂ ಆ ಮಾತು ಸುಳ್ಳಾಗಿಲ್ಲ.